ರಾಫ್ಟಿನಿಂದ ತಾರಸಿವರೆಗೆ: ಒಂದು ರೆಡಿಮಿಕ್ಸ್ ಪ್ಲಾಂಟಿನ ವಿಮರ್ಶೆ

ತಳಪಾಯದ ದಪ್ಪ ಹಾಸಾದ ರಾಫ್ಟಿನಿಂದ ಹಿಡಿದು ತಾರಸಿಯ ನೀರಿನ ಟ್ಯಾಂಕಿನವರೆಗೆ ಒಂದಿಡೀ ಕಟ್ಟಡಕ್ಕೆ ಒಂದೇ ಪ್ಲಾಂಟಿನಿಂದ ರೆಡಿಮಿಕ್ಸ್, ಅಂದರೆ ಅಲ್ಲೇ ಕಲಸಿ ಗಾಡಿಯಲ್ಲಿ ಕಳಿಸುವ ಕಾಂಕ್ರೀಟ್ ತರಿಸಿಕೊಂಡಿದ್ದೇವೆ. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಆರ್ಡರ್ ಕೊಟ್ಟವಳೂ ನಾನೇ, ಗೇಟಿನಲ್ಲಿ ನಿಂತು ಗಾಡಿ ಕಾದವಳೂ ನಾನೇ, ಕೊನೆಗೆ ಬಿಲ್ಲಿಗೆ ಸಹಿ ಹಾಕಿದವಳೂ ನಾನೇ. ಪ್ಲಾಂಟಿನ ಹೆಸರು ಹಾಕುತ್ತಿಲ್ಲ, ಅದಕ್ಕೆ ಕಾರಣವಿದೆ. ಒಂದೇ ಕಂಪನಿಯ ಬೋರ್ಡ್ ಹೊತ್ತ ಎರಡು ಪ್ಲಾಂಟುಗಳು ಒಂದೇ ಥರ ಕೆಲಸ ಮಾಡುವುದನ್ನು ನಾನು ಕಂಡಿಲ್ಲ. ಸಿಮೆಂಟ್, ಮರಳು, ಜಲ್ಲಿ ತೂಗಿ ಕಲಸುವ ಬ್ಯಾಚಿಂಗ್ ಆಪರೇಟರ್ ಬದಲಾದರೆ ಕಾಂಕ್ರೀಟ್ ಬದಲಾಗುತ್ತದೆ, ಗಾಡಿ ಕಳಿಸುವ ಡಿಸ್ಪ್ಯಾಚಿನಲ್ಲಿ ಫೋನ್ ಎತ್ತುವವರು ಬದಲಾದರೆ ಸೇವೆಯೇ ಬದಲಾಗುತ್ತದೆ. ಬೋರ್ಡ್ ನೋಡಿ ಆರ್ಡರ್ ಕೊಡಬೇಡಿ. ಒಳಗೆ ಯಾರಿದ್ದಾರೆ ಎಂದು ನೋಡಿ ಕೊಡಿ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪ್ಲಾಂಟಿನ ಕಾಂಕ್ರೀಟ್ ಒಳ್ಳೆಯದು. ಆದರೆ ಒಳ್ಳೆಯ ಕಾಂಕ್ರೀಟ್ ಕೊಡುವವರು ಬೇರೆಯವರೂ ಇದ್ದಾರೆ. ಇವರನ್ನೇ ಹಿಡಿದುಕೊಂಡು ಕೂರುವಂತೆ ಮಾಡಿದ್ದು ಒಂದೇ ಗುಣ: ಕೆಟ್ಟ ಸುದ್ದಿಯನ್ನು ಇವರು ಬೇಗ ಹೇಳುತ್ತಾರೆ. ಕಟ್ಟಡದ ಕೆಲಸ ನಡೆಸಿದವರಿಗೆ ಇದರ ಬೆಲೆ ಗೊತ್ತು. ಹೊರಗಿನವರಿಗೆ ಗೊತ್ತಾಗಬೇಕಾದರೆ ಸ್ಲ್ಯಾಬ್ ಹಾಕುವ ದಿನ ಹೇಗಿರುತ್ತದೆ ಎಂದು ಸ್ವಲ್ಪ ಹೇಳಬೇಕು.

ಪ್ರಾಜೆಕ್ಟ್ ಮ್ಯಾನೇಜರ್ ತಾನಾಗಿ ಕಂಬಿ ಕಟ್ಟುವುದಿಲ್ಲ, ಕಾಂಕ್ರೀಟ್ ಹಿಡಿದಿಡುವ ಅಚ್ಚಾದ ಶಟರಿಂಗ್ ಹೊಡೆಯುವುದಿಲ್ಲ, ವೈಬ್ರೇಟರ್ ಹಿಡಿಯುವುದಿಲ್ಲ. ಹತ್ತಾರು ಜನ ಬೇರೆಬೇರೆಯಾಗಿ ಕೊಟ್ಟ ಮಾತುಗಳನ್ನೆಲ್ಲ ಒಂದೇ ಗಂಟೆಗೆ ಸರಿಯಾಗಿ ತಂದು ಕೂಡಿಸುವುದೇ ನಮ್ಮ ಕೆಲಸ. ಕಾಂಕ್ರೀಟಿನ ಹಿಂದಿನ ದಿನ ಸಂಜೆ ಕಂಬಿಯ ಪರೀಕ್ಷೆ ಮುಗಿದಿರಬೇಕು, ಕಂಬಿಯನ್ನು ಅಚ್ಚಿನಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಕೂತಿರಬೇಕು, ವಿದ್ಯುತ್ತಿನ ಪೈಪುಗಳನ್ನೂ ಪ್ಲಂಬಿಂಗಿನ ಸ್ಲೀವುಗಳನ್ನೂ ಹಾಕಿ ಆಗಿರಬೇಕು, ಕೆಳಗೆ ಆಧಾರಕ್ಕೆ ನಿಲ್ಲಿಸಿದ ಪ್ರಾಪ್ಸ್ ಒಂದೊಂದನ್ನೂ ಮುಟ್ಟಿ ನೋಡಿರಬೇಕು. ಡಿಸೈನರ್ ಕಡೆಯವರ ಸಹಿ ಬರಬೇಕು. ಬೆಳಿಗ್ಗೆ ಪಂಪ್ ಬರುತ್ತದೆ, ಪೈಪ್ ಜೋಡಿಸುತ್ತಾರೆ. ಕಾಂಕ್ರೀಟ್ ಬೀಳುವಷ್ಟು ಹೊತ್ತೂ ಇಬ್ಬರು ಕಾರ್ಪೆಂಟರ್‌ಗಳು ಸ್ಲ್ಯಾಬಿನ ಕೆಳಗೆ ಪ್ರಾಪ್ಸ್ ಕಾಯುತ್ತಿರುತ್ತಾರೆ. ಮೇಲೆ ಕಂಬಿಯವನೊಬ್ಬ, ಎಲೆಕ್ಟ್ರಿಷಿಯನ್ ಒಬ್ಬ, ಗಾರೆಯವರ ತಂಡ. ಇಷ್ಟು ಜನರೂ ಕಾಯುವುದು ಸೈಟಿನಲ್ಲಿ ಇಲ್ಲದ ಒಂದೇ ಒಂದು ವಸ್ತುವಿಗೆ. ಅದು ಎಲ್ಲೋ ದೂರದಲ್ಲಿ ತಯಾರಾಗಿ, ರಸ್ತೆಯ ಮೇಲೆ ತಿರುಗುತ್ತಾ ಬರಬೇಕು, ಅದೂ ತಯಾರಾದ ಗಳಿಗೆಯಿಂದಲೇ ಗಟ್ಟಿಯಾಗುವ ಕಡೆಗೆ ಹೊರಟಿರುತ್ತದೆ.

ಲೆಕ್ಕ ಹೀಗಿರುತ್ತದೆ. ಒಂದು ಸ್ಲ್ಯಾಬಿಗೆ 180 ಘನ ಮೀಟರ್ ಬೇಕು ಎನ್ನಿ. ಪಂಪು ಗಂಟೆಗೆ 30 ಘನ ಮೀಟರ್ ತಳ್ಳಿದರೆ ಆರು ಗಂಟೆಯ ಕೆಲಸ. ಗಾಡಿಗೆ 6 ಘನ ಮೀಟರ್ ಹಿಡಿಯುವುದಾದರೆ 30 ಗಾಡಿ, ಅಂದರೆ 12 ನಿಮಿಷಕ್ಕೊಂದು. ತುಂಬಿಸಲು, ಬರಲು, ಖಾಲಿ ಮಾಡಲು, ತೊಳೆದು ಹಿಂದಿರುಗಲು ಎಲ್ಲ ಸೇರಿ ಒಂದು ಗಾಡಿಗೆ 95 ನಿಮಿಷ ಹಿಡಿದರೆ, ಎಂಟು ಗಾಡಿಗಳು ಸುತ್ತುತ್ತಲೇ ಇರಬೇಕು. ಏಳೇ ಗಾಡಿ ಕಳಿಸಿದರೆ ಪಂಪು ಆಗಾಗ ನಿಲ್ಲುತ್ತದೆ. ಒಂಬತ್ತು ಕಳಿಸಿದರೆ ಗೇಟಿನ ಹೊರಗೆ ಸಾಲು ನಿಲ್ಲುತ್ತದೆ, ಡ್ರಮ್ಮಿನಲ್ಲಿರುವ ಕಾಂಕ್ರೀಟ್ ಬಿಗಿಯುತ್ತಾ ಹೋಗುತ್ತದೆ. ಈ ಲೆಕ್ಕವನ್ನು ಹಿಂದಿನ ದಿನವೇ ನಮ್ಮ ಜೊತೆ ಕೂತು ಮಾಡುವ ಪ್ಲಾಂಟುಗಳು ಕಡಿಮೆ. ಈ ಪ್ಲಾಂಟಿನವರು ಪ್ರತಿ ದೊಡ್ಡ ಸ್ಲ್ಯಾಬಿಗೂ ಮಾಡಿದರು. ದಾರಿಯಲ್ಲಿ ಯಾವ ಹೊತ್ತಿಗೆ ದಟ್ಟಣೆ, ಯಾವ ಹೊತ್ತಿಗೆ ದೊಡ್ಡ ಗಾಡಿಗಳಿಗೆ ಪ್ರವೇಶವಿಲ್ಲ ಎಂದು ಅವರೇ ಕೇಳಿ ಬರೆದುಕೊಂಡರು.

ಈಗ ಕೆಟ್ಟ ಸುದ್ದಿ ಬೇಗ ತಂದ ಒಂದು ಫೋನಿನ ವಿಷಯ. ಒಂದು ಮಹಡಿಯ ಸ್ಲ್ಯಾಬ್ ಅರ್ಧಕ್ಕೆ ಬಂದಿತ್ತು. ಡಿಸ್ಪ್ಯಾಚಿನಿಂದ ಕರೆ ಬಂತು. "ಮೇಡಂ, ಸಿಮೆಂಟಿನ ಸ್ಕ್ರೂ ಕೈಕೊಟ್ಟಿದೆ. ಆರು ಗಾಡಿ ಈಗಾಗ್ಲೇ ರೋಡ್ ಮೇಲಿವೆ. ಅದರ ಮುಂದಿನದು ಮುಕ್ಕಾಲು ಗಂಟೆ ಲೇಟಾಗುತ್ತೆ. ಅದಕ್ಕಿಂತ ಜಾಸ್ತಿ ಆಗೋ ಹಾಗಿದ್ರೆ ಇನ್ನು ಹದಿನೈದು ನಿಮಿಷದಲ್ಲಿ ಹೇಳ್ತೀನಿ." ಇಷ್ಟೇ ಮಾತು. (ಸ್ಕ್ರೂ ಎಂದರೆ ಪ್ಲಾಂಟಿನೊಳಗೆ ಸಿಮೆಂಟ್ ಸಾಗಿಸುವ ಯಂತ್ರ.) ನೆಪವಿಲ್ಲ, ಸಮಾಧಾನವಿಲ್ಲ. ನಾನು ಪಂಪ್ ಆಪರೇಟರಿಗೂ ಮೇಸ್ತ್ರಿಗೂ ಹೇಳಿದ್ದು ಒಂದೇ ಮಾತು: ಇನ್ನು ಮುಂದೆ ಒಂದೊಂದು ಗಾಡಿಯನ್ನು 12ರ ಬದಲು 20 ನಿಮಿಷಕ್ಕೆ ಎಳೆಯಿರಿ. ಆರು ಗಾಡಿ, ತಲಾ 20 ನಿಮಿಷ, ಒಟ್ಟು ಎರಡು ಗಂಟೆ. ಮುಂದಿನ ಗಾಡಿ 72ನೇ ನಿಮಿಷಕ್ಕೆ ಬರಬೇಕಿದ್ದದ್ದು 117ಕ್ಕೆ ಬಂತು. ಪಂಪು ನಿಲ್ಲಲೇ ಇಲ್ಲ. ಆರನೇ ಗಾಡಿ ನಲವತ್ತು ನಿಮಿಷ ಹೆಚ್ಚು ಕಾಯಬೇಕಾಯಿತು. ಅದರಲ್ಲಿ ಬಿಗಿಯುವುದನ್ನು ನಿಧಾನಿಸುವ ರಿಟಾರ್ಡರ್ ಇತ್ತು, ಸ್ಲಂಪ್, ಅಂದರೆ ಕಾಂಕ್ರೀಟ್ ಎಷ್ಟು ಮೆತ್ತಗಿದೆ ಎಂಬುದನ್ನು ಮತ್ತೊಮ್ಮೆ ಅಳೆದು ನೋಡಿಯೇ ಬಳಸಿದೆವು. ಕಾಂಕ್ರೀಟಿನ ಅಂಚು ಎಲ್ಲೂ ಒಣಗಲಿಲ್ಲ, ಹಳೆಯ ಪದರಕ್ಕೆ ಹೊಸದು ಬೆಸೆಯದ ಕೋಲ್ಡ್ ಜಾಯಿಂಟ್ ಆಗಲಿಲ್ಲ.

ಆ ಕರೆ ಒಂದು ಗಂಟೆ ತಡವಾಗಿ ಬಂದಿದ್ದರೆ ಈ ಲೆಕ್ಕ ಹೊಂದುತ್ತಿರಲಿಲ್ಲ. ಗಾಡಿಗಳು ಅಷ್ಟರಲ್ಲಿ ಖಾಲಿಯಾಗುತ್ತಾ ಬಂದಿರುತ್ತಿದ್ದವು, ಹಂಚಿ ಹಾಕಲು ಏನೂ ಉಳಿದಿರುತ್ತಿರಲಿಲ್ಲ. ನನ್ನ ಕೆಲಸದಲ್ಲಿ ತೊಂದರೆ ಬರುವುದು ಸಹಜ, ಯಂತ್ರ ಎಲ್ಲರಿಗೂ ಕೆಡುತ್ತದೆ. ತೊಂದರೆಯ ಸುದ್ದಿ ಎಷ್ಟು ಹೊತ್ತಿಗೆ ಕಿವಿಗೆ ಬೀಳುತ್ತದೆ ಎಂಬುದರ ಮೇಲೆ ಅದು ಅಡಚಣೆಯಾಗಿ ಮುಗಿಯುತ್ತದೋ ಕಟ್ಟಡದೊಳಗೆ ಶಾಶ್ವತವಾಗಿ ಉಳಿಯುತ್ತದೋ ಎಂಬುದು ನಿಂತಿದೆ.

ಇನ್ನೊಂದು ಬಗೆಯನ್ನೂ ಕಂಡಿದ್ದೇನೆ. ಹಿಂದೊಂದು ಕೆಲಸದಲ್ಲಿ, ಬೇರೊಂದು ಪ್ಲಾಂಟು. ನೆಲಮಾಳಿಗೆಯಲ್ಲಿ ಮಣ್ಣು ತಡೆಯುವ ರಿಟೇನಿಂಗ್ ಗೋಡೆಗೆ ಕಾಂಕ್ರೀಟ್ ಹಾಕುತ್ತಿದ್ದೆವು. ಕೇಳಿದಾಗಲೆಲ್ಲ "ಹೊರಟಾಯ್ತು ಮೇಡಂ, ಇನ್ನು ಹತ್ತೇ ನಿಮಿಷ" ಎಂಬ ಉತ್ತರ. ಕೊನೆಗೂ ಬಂದ ಗಾಡಿಯ ಚಲನ್ ತೆಗೆದು ನೋಡಿದರೆ, ಬ್ಯಾಚ್ ಮಾಡಿದ ಸಮಯ ನಮಗೆ "ಹೊರಟಾಯ್ತು" ಎಂದ ಫೋನಿಗಿಂತ ಬಹಳ ಈಚಿನದು. ಅಷ್ಟು ಹೊತ್ತಿಗೆ ಗೋಡೆಯಲ್ಲಿ ಕೆಳಗಿನ ಪದರ ಬಿಗಿದಿತ್ತು. ನಿಜ ಹೇಳಿದ್ದರೆ ಅಲ್ಲಿಗೇ ನಿಲ್ಲಿಸಿ, ಸರಿಯಾದ ಜಾಗದಲ್ಲಿ ಜಾಯಿಂಟ್ ಕೊಟ್ಟು, ಮೇಲ್ಮೈ ಒರಟು ಮಾಡಿ, ನೀರು ತಡೆಯುವ ವಾಟರ್ ಬಾರ್ ಪಟ್ಟಿ ಇಟ್ಟು ಮರುದಿನ ಮುಂದುವರಿಸಬಹುದಿತ್ತು. ಅದಾಗದೆ ಮಳೆಗಾಲದಲ್ಲಿ ಆ ಗೆರೆಯುದ್ದಕ್ಕೂ ನೀರು ಜಿನುಗಿತು. ರಂಧ್ರ ಕೊರೆದು, ನಿಪ್ಪಲ್ ಎಂಬ ಸಣ್ಣ ಕೊಳವೆ ಕೂರಿಸಿ, ಬಿರುಕು ಮುಚ್ಚುವ ಗ್ರೌಟ್ ತುಂಬಿದೆವು. ಆಗ ಸೋರಿಕೆ ನಿಂತಿತು, ಆದರೆ ನನ್ನ ಮಟ್ಟಿಗೆ ಆ ಗೋಡೆ ಇವತ್ತಿಗೂ ಕಾವಲು ಬೇಕಾದ ಗೋಡೆ.

ನೀರಿನ ವಿಷಯಕ್ಕೆ ಬರೋಣ, ಇದು ಇನ್ನೂ ಮುಖ್ಯ. ಸೈಟಿನಲ್ಲಿ ಕಾಂಕ್ರೀಟ್ ಸ್ವಲ್ಪ ಗಟ್ಟಿ ಅನ್ನಿಸಿದ ಕೂಡಲೇ ಯಾರೋ ಒಬ್ಬರು ಡ್ರೈವರಿಗೆ "ಅಣ್ಣ, ಸ್ವಲ್ಪ ನೀರು ಬಿಡು" ಎನ್ನುತ್ತಾರೆ. ಹಾಗೆ ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಬಿಸಿಲಲ್ಲಿ ನಿಂತು ಆ ಪೈಪು ಎಳೆಯುವವರಿಗೆ ಮೆತ್ತಗಿನ ಕಾಂಕ್ರೀಟ್ ಬೇಕು ಅನ್ನಿಸುವುದು ನ್ಯಾಯವೇ. ಆದರೆ ಘನ ಮೀಟರಿಗೆ ಸುಮಾರು 5 ಲೀಟರ್ ನೀರು ಹೆಚ್ಚಿಗೆ ಹೋದರೆ ಸ್ಲಂಪ್ ಸುಮಾರು 25 ಮಿಲಿಮೀಟರ್ ಏರುತ್ತದೆ, ಒತ್ತಡ ತಾಳುವ ಬಲ 1ರಿಂದ 1.5 ಮೆಗಾಪಾಸ್ಕಲ್‌ನಷ್ಟು ಇಳಿಯುತ್ತದೆ. 6 ಘನ ಮೀಟರಿನ ಗಾಡಿಗೆ ಅದು 30 ಲೀಟರ್; ಡ್ರೈವರ್ ಪೈಪನ್ನು ಸ್ವಲ್ಪ ಹೊತ್ತು ಬಿಟ್ಟರೆ ಮುಗಿಯಿತು. ನೀರು ಮತ್ತು ಸಿಮೆಂಟಿನ ಅನುಪಾತವೇ ಬಲವನ್ನು ನಿರ್ಧರಿಸುತ್ತದೆ ಎಂದು ಅಮೆರಿಕದ ಕಾಂಕ್ರೀಟ್ ಸಂಶೋಧಕ ಡಫ್ ಏಬ್ರಮ್ಸ್ 1918ರಲ್ಲೇ ತೋರಿಸಿಕೊಟ್ಟಿದ್ದಾರೆ. ನೂರು ವರ್ಷ ದಾಟಿದ ಮೇಲೂ ಪ್ರತಿ ಸ್ಲ್ಯಾಬಿನಲ್ಲಿ ಅದೇ ಪಾಠವನ್ನು ಮತ್ತೆ ಹೇಳಬೇಕಾಗುತ್ತದೆ.

ಈ ಪ್ಲಾಂಟಿನ ಡ್ರೈವರ್‌ಗಳು ನೀರು ಬಿಡುವುದಿಲ್ಲ. ನಮ್ಮ ಮೇಸ್ತ್ರಿ ಕೇಳಿದಾಗ ಒಬ್ಬ ಡ್ರೈವರ್, "ನಮ್ ಕ್ವಾಲಿಟಿಯವ್ರು ಹೇಳ್ದೆ ನಾನು ವಾಲ್ವ್ ಮುಟ್ಟಲ್ಲ ಸಾರ್" ಎಂದದ್ದನ್ನು ನಾನೇ ಕೇಳಿಸಿಕೊಂಡೆ. ಪ್ಲಾಂಟಿನ ಕ್ವಾಲಿಟಿ ಹುಡುಗ ದೊಡ್ಡ ಸ್ಲ್ಯಾಬ್ ಇದ್ದಾಗ ಸೈಟಿನಲ್ಲೇ ಇರುತ್ತಾನೆ. ಗಟ್ಟಿ ಇದ್ದರೆ ನೀರಿಲ್ಲದೆ ಮೆತ್ತಗಾಗಿಸುವ ಪ್ಲಾಸ್ಟಿಸೈಜರನ್ನು ಅಳತೆ ಮಾಡಿ ಹಾಕುತ್ತಾನೆ, ಡ್ರಮ್ಮನ್ನು ಕೆಲವು ನಿಮಿಷ ಜೋರಾಗಿ ತಿರುಗಿಸುತ್ತಾನೆ, ಮತ್ತೆ ಸ್ಲಂಪ್ ತೆಗೆಯುತ್ತಾನೆ. ಸ್ಲಂಪ್ ಅಳೆಯಲು ಕೋನ್ ಇಡುವ ರೀತಿಯೂ ಸರಿಯಿದೆ: 300 ಮಿಲಿಮೀಟರ್ ಎತ್ತರದ ಕೋನು, ಮೂರು ಪದರ, ಪದರಕ್ಕೆ 25 ಕುಟ್ಟು, ಒದ್ದೆ ಮಾಡಿದ ಗಟ್ಟಿ ತಟ್ಟೆ. ಇದೆಲ್ಲ ಚಿಕ್ಕದು ಅನ್ನಿಸಬಹುದು. ಆದರೆ ಕುಟ್ಟುವುದರಲ್ಲಿ ಕಳ್ಳತನ ಮಾಡುವವನು ಬಲ ಪರೀಕ್ಷೆಯ ಕ್ಯೂಬ್ ತುಂಬುವಾಗಲೂ ಮಾಡುತ್ತಾನೆ, ಆಮೇಲೆ 28ನೇ ದಿನ ಅದನ್ನು ಒಡೆದು ನೋಡಿದಾಗ ಬಂದ ಅಂಕಿಯನ್ನು ನಂಬುವುದು ಹೇಗೆ?

ಮಳೆಯ ಮರುದಿನ ಯಾವುದನ್ನು ಎಷ್ಟು ಹಾಕಿದರು ಎಂದು ತೋರಿಸುವ ಬ್ಯಾಚ್ ಶೀಟನ್ನು ತಪ್ಪದೆ ಕೇಳಿ. ಒಂದು ಘನ ಮೀಟರಿಗೆ 800 ಕಿಲೋ ಮರಳು ಹೋಗುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ 5 ಶೇಕಡಾ ತೇವವಿದ್ದರೆ ಅದೇ 40 ಲೀಟರ್ ನೀರು. ಅಷ್ಟನ್ನು ಹಾಕಬೇಕಾದ ನೀರಿನಲ್ಲಿ ಕಳೆಯದಿದ್ದರೆ ಸೈಟಿನಲ್ಲಿ ಯಾರೂ ವಾಲ್ವ್ ಮುಟ್ಟದೆಯೇ ಕಾಂಕ್ರೀಟ್ ಹಾಳಾಗುತ್ತದೆ. ಇವರ ಶೀಟಿನಲ್ಲಿ ತೇವದ ತಿದ್ದುಪಡಿ ಪ್ರತ್ಯೇಕ ಕಾಲಮ್ಮಿನಲ್ಲಿ ಬರುತ್ತದೆ, ಮಳೆ ಬಂದ ದಿನ ಆ ಅಂಕಿ ನಿಜವಾಗಿಯೂ ಬದಲಾಗಿರುತ್ತದೆ. ಒಂದು ಸಲ ಹೇಳದೆ ಕೇಳದೆ ಪ್ಲಾಂಟಿಗೆ ಹೋಗಿದ್ದೆ. ಮರಳಿನ ಬಿನ್ನುಗಳಿಗೆ ಮೇಲೆ ಶೀಟ್ ಹೊದಿಸಿತ್ತು, 20 ಮತ್ತು 12 ಮಿಲಿಮೀಟರ್ ಜಲ್ಲಿಗಳ ನಡುವೆ ಗೋಡೆ ಎತ್ತರವಿತ್ತು, ಲ್ಯಾಬಿನ ಪುಸ್ತಕದಲ್ಲಿ ಆ ದಿನ ಬೆಳಗಿನ ತೇವದ ಅಂಕಿ ಬರೆದಿತ್ತು. ಸಂತೋಷವಾಯಿತು.

ಕ್ಯೂಬುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 150 ಮಿಲಿಮೀಟರಿನ ಕ್ಯೂಬುಗಳನ್ನು ನಮ್ಮ ಕಡೆಯವರು ಬೇರೆಯಾಗಿ ತುಂಬಿ ಹೊರಗಿನ ಲ್ಯಾಬಿಗೆ ಕಳಿಸಿದ್ದೇವೆ. 28 ದಿನದ ಫಲಿತಾಂಶ ಬೇಕಾದ ಬಲಕ್ಕಿಂತ ಮೇಲೆಯೇ ಬಂದಿದೆ, ಏರಿಳಿತವೂ ಕಡಿಮೆ. ಅಷ್ಟು ಸಾಕು.

ರಾಫ್ಟ್ ಹಾಕಿದ ರಾತ್ರಿಯನ್ನು ಮಾತ್ರ ಬಿಡುವಂತಿಲ್ಲ. ಅಷ್ಟು ದಪ್ಪದ ಕಾಂಕ್ರೀಟಿನಲ್ಲಿ ಸಿಮೆಂಟ್ ಬಿಗಿಯುವಾಗ ಹುಟ್ಟುವ ಶಾಖ ಹೊರಗೆ ಹೋಗಲಾರದೆ ಒಳಗೇ ಕೂಡುತ್ತದೆ. ಒಳಗಿನ ಭಾಗ 70 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಒಳಗೂ ಮೇಲ್ಮೈಗೂ ನಡುವೆ 20 ಡಿಗ್ರಿಗಿಂತ ಹೆಚ್ಚು ಅಂತರ ಬೀಳದಂತೆ ನೋಡಿಕೊಳ್ಳಬೇಕು ಎಂದು ನಾವು ಯೋಜನೆ ಮಾಡಿದ್ದೆವು. ಶಾಖ ಕಡಿಮೆಯಾಗಲೆಂದು ಇವರು ಸಿಮೆಂಟಿನ ಒಂದು ಪಾಲನ್ನು ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿಯಾದ ಜಿಜಿಬಿಎಸ್‌ಗೆ ಬದಲಾಯಿಸಿದರು, ನೀರಿನ ಒಂದು ಭಾಗವನ್ನು ಮಂಜುಗಡ್ಡೆಯಾಗಿ ಹಾಕಿದರು, ಪ್ರತಿ ಗಾಡಿಯ ಉಷ್ಣತೆಯನ್ನು ಗೇಟಿನಲ್ಲಿ ಬರೆದುಕೊಟ್ಟರು. ಎರಡು ಪಂಪುಗಳು ರಾತ್ರಿಯಿಡೀ ನಡೆದವು. ಮೂರನೆಯದೊಂದನ್ನು ಕೆಟ್ಟರೆ ಇರಲಿ ಎಂದು ಅವರೇ ತಂದು ನಿಲ್ಲಿಸಿದ್ದರು. ಡಿಸ್ಪ್ಯಾಚಿನ ಅದೇ ಧ್ವನಿ ಬೆಳಗಿನ ಜಾವದಲ್ಲೂ ಫೋನ್ ಎತ್ತಿತು.

ಇನ್ನು ದೂರುಗಳು, ಇವೂ ಹಗುರವಲ್ಲ.

ಕೆಲಸ ನಡುವಿನಲ್ಲಿದ್ದಾಗ ಸ್ಲ್ಯಾಬಿನ ಮಿಕ್ಸಿನಲ್ಲಿ ಸಿಮೆಂಟಿನ ಒಂದು ಪಾಲಿನ ಬದಲು ಹಾಕುವ ಹಾರುಬೂದಿಯ (ಕಲ್ಲಿದ್ದಲು ಸುಟ್ಟ ನುಣುಪು ಬೂದಿ) ಪ್ರಮಾಣವನ್ನು ನಮಗೆ ಹೇಳದೆ ಏರಿಸಿದರು. 28 ದಿನದ ಬಲಕ್ಕೆ ತೊಂದರೆಯಾಗಲಿಲ್ಲ, ಬಹುಶಃ ಆ ಧೈರ್ಯದಲ್ಲೇ ಮಾಡಿರಬೇಕು. ಆದರೆ 7 ದಿನದ ಬಲ ಕೆಳಗೆ ಬಂತು. ಸಾಮಾನ್ಯವಾಗಿ 28 ದಿನದ ಬಲದ ಮೂರನೇ ಎರಡರಷ್ಟು 7 ದಿನದಲ್ಲಿ ಸಿಗುತ್ತದೆ ಎಂದು ಹಿಡಿದೇ ನಾವು ಶಟರಿಂಗ್ ಬಿಚ್ಚುವ ದಿನ ಗೊತ್ತುಮಾಡುವುದು. ಬಲ ನಿಧಾನವಾದರೆ ಪ್ಲೈವುಡ್ಡೂ ಪ್ರಾಪ್ಸೂ ಮೇಲಿನ ಮಹಡಿಗೆ ಹೋಗುವುದು ನಿಧಾನವಾಗುತ್ತದೆ, ಕಾರ್ಪೆಂಟರ್‌ಗಳು ಕೈಕಟ್ಟಿ ಕೂರುತ್ತಾರೆ, ಕಂಬಿಯವರ ಸರದಿ ಸರಿಯುತ್ತದೆ. ಹಾರುಬೂದಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪಂಪ್ ಮಾಡಲು ಸಲೀಸು, ದೀರ್ಘಕಾಲಕ್ಕೆ ಒಳ್ಳೆಯದು. ಮೊದಲೇ ಹೇಳಿದ್ದರೆ ಇನ್ನೊಂದು ಸೆಟ್ ಪ್ರಾಪ್ಸ್ ತರಿಸಿಕೊಳ್ಳುತ್ತಿದ್ದೆ. ಗಾಡಿಯ ವಿಷಯದಲ್ಲಿ ಇಷ್ಟು ಪ್ರಾಮಾಣಿಕರಾದವರು ಮಿಕ್ಸಿನ ವಿಷಯದಲ್ಲಿ ಸುಮ್ಮನಿದ್ದದ್ದು ನನಗೆ ನೋವಾಯಿತು. ಅದನ್ನು ಅವರ ಮುಖಕ್ಕೇ ಹೇಳಿದೆ. ಅಲ್ಲಿಂದ ಮುಂದೆ ಮಿಕ್ಸ್ ಬದಲಾದರೆ ಲಿಖಿತವಾಗಿ ಒಪ್ಪಿಗೆ ಕೇಳುತ್ತಿದ್ದಾರೆ.

ಎರಡನೆಯದು ಪಂಪಿನ ಸುರಕ್ಷತೆ. ಪೈಪು ಕಟ್ಟಿಕೊಂಡಾಗ ಅದರೊಳಗೆ ಒತ್ತಡ ಉಳಿದಿರುತ್ತದೆ. ಆ ಒತ್ತಡ ಇಳಿಸದೆ ಪೈಪುಗಳನ್ನು ಜೋಡಿಸುವ ಕ್ಲಾಂಪ್ ಬಿಚ್ಚಿದರೆ ಕಾಂಕ್ರೀಟ್ ಸಿಡಿಯುತ್ತದೆ. ಗಾಳಿ ಹಾಕಿ ಪೈಪ್ ತೊಳೆಯುವಾಗ ತುದಿಯ ಹೋಸ್ ಹಾವಿನಂತೆ ಎದ್ದು ಬಡಿಯಬಹುದು, ಅದರ ಹೊಡೆತಕ್ಕೆ ಜೀವ ಹೋಗುತ್ತದೆ. ಇವರ ಒಬ್ಬ ಆಪರೇಟರ್ ಪಂಪನ್ನು ಹಿಮ್ಮುಖ ಓಡಿಸಿ ಒತ್ತಡ ಇಳಿಸುವ ಮೊದಲೇ ಕ್ಲಾಂಪಿಗೆ ಸುತ್ತಿಗೆ ಹಿಡಿದ. ಕೆಲಸ ನಿಲ್ಲಿಸಿದೆವು. ಪ್ಲಾಂಟಿನವರು ಆತನನ್ನು ತರಬೇತಿಗೆ ಕಳಿಸಿ, ಬದಲಿಗೆ ಅನುಭವಿ ಆಪರೇಟರ್ ಒಬ್ಬರನ್ನು ಕೊಟ್ಟರು. ಆದರೂ ಕ್ಲಾಂಪುಗಳಲ್ಲಿ ಕೆಲವಕ್ಕೆ ಲಾಕ್ ಪಿನ್ ಇಲ್ಲದೆ ಬರುವುದು ಪೂರ್ತಿ ನಿಂತಿಲ್ಲ, ಪ್ರತಿ ಸಲ ನಮ್ಮ ಸೇಫ್ಟಿಯವರೇ ಎಣಿಸಬೇಕು. ಇಲ್ಲಿ ಅವರಿಗೆ ಅಂಕ ಕಳೆಯುತ್ತೇನೆ, ಧಾರಾಳವಾಗಿ ಕಳೆಯುತ್ತೇನೆ. ಅದೇ ಮಾತಿಗೆ ಸೇರಿದ್ದು ಡ್ರೈವರ್‌ಗಳ ದಣಿವು. 6 ಘನ ಮೀಟರ್ ಕಾಂಕ್ರೀಟೆಂದರೆ ಹದಿನಾಲ್ಕು ಟನ್ನಿಗೂ ಮೇಲೆ, ಗಾಡಿಯ ತೂಕ ಬೇರೆ. ರಾತ್ರಿ ಪಾಳಿ ಮುಗಿಸಿದವನೇ ಬೆಳಿಗ್ಗೆ ಮತ್ತೆ ಅದೇ ಗಾಡಿಯನ್ನು ನಮ್ಮ ಇಳಿಜಾರಿನಲ್ಲಿ ಹಿಂದಕ್ಕೆ ತೆಗೆಯುವುದನ್ನು ಕಂಡಾಗ ನಾನು ಗೇಟಿನಲ್ಲೇ ತಡೆದೆ. ಹೆಚ್ಚು ಡ್ರೈವರ್‌ಗಳನ್ನು ಇಟ್ಟುಕೊಳ್ಳಬೇಕು, ಇದರಲ್ಲಿ ರಾಜಿ ಇಲ್ಲ.

ಗಾಡಿ ತೊಳೆದ ನೀರಿನ ಬಗ್ಗೆಯೂ ಹೇಳಿ ಹೇಳಿ ಸರಿಮಾಡಿಸಬೇಕಾಯಿತು. ಸಿಮೆಂಟಿನ ಆ ನೀರು ಬಲವಾದ ಕ್ಷಾರ, ಚರ್ಮ ಸುಡುತ್ತದೆ, ಚರಂಡಿಗೆ ಬಿಟ್ಟರೆ ಕೆರೆಗೆ ಹೋಗುತ್ತದೆ. ಈಗ ಪ್ಲಾಂಟಿನಲ್ಲೇ ತೊಳೆಯುತ್ತಾರೆ, ಸೈಟಿನಲ್ಲಿ ಕಾಂಕ್ರೀಟ್ ಸುರಿಯುವ ಚ್ಯೂಟ್ ಮಾತ್ರ.

ಕೊನೆಯ ಗಾಡಿಯ ವಿಷಯದಲ್ಲಿ ಇವರನ್ನು ಮೆಚ್ಚಲೇಬೇಕು. ಸ್ಲ್ಯಾಬಿನ ಕೊನೆಗೆ ಎಷ್ಟು ಬೇಕು ಎಂಬುದು ಡ್ರಾಯಿಂಗಿನಿಂದ ಪೂರ್ತಿ ತಿಳಿಯುವುದಿಲ್ಲ. ಶಟರಿಂಗ್ ಒಂದು ಕಡೆ ಸ್ವಲ್ಪ ಇಳಿದಿರುತ್ತದೆ, ಪೈಪಿನೊಳಗೆ ಒಂದಿಷ್ಟು ಉಳಿಯುತ್ತದೆ. ಎರಡು ಗಾಡಿ ಬಾಕಿ ಇರುವಾಗ ಬ್ಯಾಚಿಂಗ್ ನಿಲ್ಲಿಸಿ ನಮ್ಮ ಫೋನಿಗೆ ಕಾಯುತ್ತಾರೆ. ನಮ್ಮ ಸೈಟ್ ಎಂಜಿನಿಯರ್ ಟೇಪ್ ಹಿಡಿದು ಉಳಿದ ಜಾಗ ಅಳೆದು "ಮೂರೂವರೆ ಸಾಕು" ಎಂದರೆ ಮೂರೂವರೆಯೇ ಬರುತ್ತದೆ. ಹೆಚ್ಚು ಕಳಿಸಿ ಬಿಲ್ ಮಾಡುವುದು ಅವರಿಗೆ ಸುಲಭವಿತ್ತು. ಮಾಡಲಿಲ್ಲ. ನಡುನಡುವೆ ಗಾಡಿಗಳನ್ನು ವೇಬ್ರಿಜ್ಜಿಗೆ ಕಳಿಸಿ, ಘನ ಮೀಟರಿಗೆ ಸುಮಾರು 2,400 ಕಿಲೋ ಲೆಕ್ಕದಲ್ಲಿ ತಾಳೆ ನೋಡಿದ್ದೇವೆ. ಅಳತೆ ಸರಿಯಿತ್ತು.

ಒಂದೆರಡು ಕಾಲಮ್ಮು, ಸಣ್ಣ ಲಿಂಟಲ್ ಇಂಥ ಕೆಲಸಕ್ಕೆ ಈ ಪ್ಲಾಂಟನ್ನು ಕರೆಯಬೇಡಿ. ಅರ್ಧ ತುಂಬಿದ ಗಾಡಿಗೆ ಅವರು ಆಸಕ್ತಿ ತೋರಿಸುವುದಿಲ್ಲ, ಕೊಟ್ಟರೂ ದೊಡ್ಡ ಸ್ಲ್ಯಾಬುಗಳ ನಡುವೆ ನಿಮ್ಮದನ್ನು ತುರುಕುತ್ತಾರೆ, ಹೊತ್ತು ಖಚಿತವಿರುವುದಿಲ್ಲ. ಅಂಥದ್ದಕ್ಕೆ ಸೈಟಿನಲ್ಲೇ ಮಿಕ್ಸರ್ ಇಟ್ಟು ತೂಕ ಮಾಡಿ ಕಲಸುವುದೇ ಮೇಲು. ದೊಡ್ಡ ಕೆಲಸ, ಬಹಳ ಮಹಡಿಗಳು, ರಾತ್ರಿ ಕಾಂಕ್ರೀಟ್ ಇರುವವರು ಇಂಥ ಪ್ಲಾಂಟನ್ನು ಹುಡುಕಿ. ಮೊದಲ ಸಲ ಹೋದಾಗ ಸೇಲ್ಸಿನವರ ಜೊತೆ ಕೂರುವ ಹೊತ್ತನ್ನು ಕಡಿಮೆ ಮಾಡಿ, ಡಿಸ್ಪ್ಯಾಚ್ ಕೋಣೆಯಲ್ಲಿ ಒಂದು ಗಂಟೆ ಕೂರಲು ಅನುಮತಿ ಕೇಳಿ. ಬೇರೆ ಸೈಟಿನವರ ಫೋನುಗಳಿಗೆ ಅಲ್ಲಿ ಏನು ಉತ್ತರ ಹೋಗುತ್ತದೆ ಎಂದು ಕೇಳಿಸಿಕೊಳ್ಳಿ. ಪರದೆಯ ಮೇಲೆ ಗಾಡಿ ಇನ್ನೂ ಪ್ಲಾಂಟಿನೊಳಗೇ ಇದ್ದು ಬಾಯಲ್ಲಿ "ಹೊರಟಾಯ್ತು" ಎಂದು ಬಂದರೆ ಎದ್ದು ಬನ್ನಿ.

ನಮ್ಮ ಮುಂದಿನ ಕಟ್ಟಡಕ್ಕೂ ಇವರಿಗೇ ಆರ್ಡರ್ ಕೊಟ್ಟಿದ್ದೇನೆ. ಈ ಸಲದ ಒಪ್ಪಂದದಲ್ಲಿ ಮಿಕ್ಸ್ ಬದಲಾವಣೆಗೆ ಏಳು ದಿನ ಮುಂಚೆ ಲಿಖಿತ ಸೂಚನೆ, ಪ್ರತಿ ಕ್ಲಾಂಪಿಗೂ ಲಾಕ್ ಪಿನ್, ರಾತ್ರಿ ಪಾಳಿಯ ಡ್ರೈವರ್ ಮರುದಿನ ಬೆಳಿಗ್ಗೆ ಬರಕೂಡದು ಎಂಬ ಷರತ್ತು, ಈ ಮೂರನ್ನೂ ಬರೆಸಿದ್ದೇನೆ. ಮೊದಲ ಎರಡಕ್ಕೆ ಕೂಡಲೇ ಒಪ್ಪಿದರು. ಮೂರನೆಯದಕ್ಕೆ ಹೊಸ ಡ್ರೈವರ್‌ಗಳು ಸಿಗುವವರೆಗೆ ಸಮಯ ಕೇಳಿದ್ದಾರೆ. ಅಲ್ಲಿಯವರೆಗೆ ರಾತ್ರಿ ಕಾಂಕ್ರೀಟನ್ನು ನಾನು ಇಟ್ಟುಕೊಳ್ಳುತ್ತಿಲ್ಲ.